ಯಜಮಾನನ ಸುತ್ತಳತೆ

ನಮ್ಮಕ್ಕ ಮೂವತ್ತೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಾಳೆ. ಸೊಂಟ ಇಳಿದಿದೆ ಎಂದು ಬೀಗಿಕೊಂಡು ಬರುವ ಗಿರಾಕಿಗಳಿಗೆ ಅವಳದು ಒಂದೇ ಉತ್ತರ: "ಟೇಪು ಹಾಗೆ ಹೇಳ್ತಿಲ್ವಲ್ಲಮ್ಮ!"

ಮನೆಯಲ್ಲಿ ನಾವಿಬ್ಬರು, ಮತ್ತೆ ಯಜಮಾನ. ಯಜಮಾನ ಎಂದರೆ ಬೆಕ್ಕು. ಹದಿನೇಳು ವರ್ಷ. ಮಿಷನ್ ಪಕ್ಕದ ತುಂಡುಬಟ್ಟೆ ಬುಟ್ಟಿಯೇ ಅವನ ಸಿಂಹಾಸನ. ಹೋದ ವರ್ಷ ಸೊರಗತೊಡಗಿದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಕಿಡ್ನಿ ಸೋತಿದೆ. ಈ ಮೆತ್ತನೆ ಊಟಾನ ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಕೊಡಿ. ಇನ್ನೂ ಇಳಿದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದರು.

ಐದು ಸಲ! ಹೇಳುವವರಿಗೇನು? ಬಿಸಿ ಹೆಚ್ಚಾದರೆ ಅವನಿಗಾಗದು, ಆರಿದರೆ ಮೂಸಿಯೂ ನೋಡುವುದಿಲ್ಲ. ಬಟ್ಟಲು ಹಿಡಿದು ನೆಲದ ಮೇಲೆ ಕೂತು, "ತಿನ್ನಪ್ಪಾ, ನಿನ್ನ ದಮ್ಮಯ್ಯ" ಎಂದು ಗೋಗರೆಯುವುದು ನನ್ನ ಪಾಲಿಗೆ ಬಂದಿತ್ತು. ಮಂಡಿ ಸವೆದುಹೋಯಿತು. ನಿಜ ಹೇಳುತ್ತೇನೆ, ಸಾಕೋ ಸಾಕಾಗಿತ್ತು.

ಮನೆಯಲ್ಲಿ ತೂಕದ ಯಂತ್ರವಿಲ್ಲ. ಅಕ್ಕ ಪ್ರತಿ ಭಾನುವಾರ ಅವನ ಎದೆ ಸುತ್ತಳತೆ ತೆಗೆದು ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆಯುತ್ತಿದ್ದಳು. ಹದಿಮೂರು ಇಂಚು. ಹದಿಮೂರು. ಆಮೇಲೆ ಹನ್ನೆರಡೂ ಮುಕ್ಕಾಲು. ಅವತ್ತು ಅವಳು ಊಟ ಮಾಡಲಿಲ್ಲ. "ಇನ್ನೊಂದು ಭಾನುವಾರ ನೋಡಿ ಡಾಕ್ಟರ ಹತ್ರ ಹೋಗೋಣ" ಎಂದಳು.

ಅದೇ ವಾರ ನಾನು ಹೊಸ ಟೇಪು ತಂದೆ. ಹಳೆಯದರಲ್ಲಿ ಅಂಕಿಗಳು ಅಳಿಸಿಹೋಗಿದ್ದವು. ಭಾನುವಾರ ಅಕ್ಕ ಕೂಗಿದಳು: "ಮತ್ತೆ ಹದಿಮೂರು ಕಣೇ! ಮುದುಕ ಮೈ ತುಂಬ್ಕೊಂಡಿದಾನೆ! ಇನ್ನು ಅಳೆದು ಅಳೆದು ಅವನ ಪ್ರಾಣ ತಿನ್ನಲ್ಲಪ್ಪ."

"ಹಾಗಾದ್ರೆ ಮೂರು ಸಲ ತಿನ್ಸಿದ್ರೆ ಸಾಕಲ್ವಾ ಅಕ್ಕಾ?" ಎಂದೆ. ಒಪ್ಪಿದಳು. ಆಮೇಲೆ ಅವನ ಕೊರಳಪಟ್ಟಿ ಜೋತುಬಿದ್ದಾಗ, "ಇಲಾಸ್ಟಿಕ್ ಹಾಳಾಗಿದೆ" ಎಂದು ಬಿಗಿ ಮಾಡಿಕೊಟ್ಟಳು.

ಮೂರು ವಾರದ ಮೇಲೆ ಎದುರುಮನೆ ಟೀಚರಮ್ಮ ಹೊಸ ರವಿಕೆ ತಂದು ಮೇಜಿನ ಮೇಲೆ ಬಿಸಾಕಿದರು. "ಏನ್ರೀ ಇದು? ಉಸಿರಾಡೋಕೂ ಆಗ್ತಿಲ್ಲ!"

"ಪುಸ್ತಕದಲ್ಲಿದ್ದ ನಿಮ್ಮ ಹಳೇ ಅಳತೇಗೇ ಹೊಲಿದಿದೀನಿ. ನೀವೇ ದಪ್ಪ ಆಗಿದೀರ."

"ನನ್ನ ಹಳೇ ರವಿಕೆ ಎಲ್ಲಾ ಸರಿಯಾಗಿದೆಯಲ್ಲ!"

ಅಕ್ಕ ಡ್ರಾಯರಿನಿಂದ ಹಳೇ ಟೇಪು ತೆಗೆದು ಹೊಸದರ ಪಕ್ಕ ಚಾಚಿದಳು. ಎಳೆದೂ ಎಳೆದೂ ಹಳೆಯದು ಎರಡಿಂಚು ಉದ್ದವಾಗಿತ್ತು. ಅದು ಇಷ್ಟು ದಿನ ಎಲ್ಲರ ಅಳತೆಯನ್ನೂ ಕಮ್ಮಿ ತೋರಿಸಿತ್ತು; ಆ ಅಳತೆಗೆ ಹೊಸ ಟೇಪಿನಲ್ಲಿ ಕತ್ತರಿಸಿದ್ದಕ್ಕೇ ರವಿಕೆ ಬಿಗಿಯಾಗಿತ್ತು. ಹೊಸದರ ಹದಿಮೂರು ಹಳೆಯದರ ಹನ್ನೆರಡೂವರೆ. ಯಜಮಾನ ಮೈ ತುಂಬಿಕೊಂಡೇ ಇರಲಿಲ್ಲ.

ಅವನನ್ನು ಬುಟ್ಟಿಯಿಂದ ಎತ್ತಿ ಎರಡೂ ಕೈಯಲ್ಲಿ ಸುತ್ತಿ ಹಿಡಿದಳು. "ಬೆರಳಿಗೆ ಬೆರಳು ತಾಗ್ತಿದೆ ಕಣೇ. ದಿನಾ ಎತ್ಕೋತಿದ್ದೆ. ಕೈಗೆ ಗೊತ್ತಾಗ್ತಾನೇ ಇತ್ತು, ನಾನೇ ನಂಬ್ಲಿಲ್ಲ." ಟೀಚರಮ್ಮನ ಎದುರಿಗೇ ಅತ್ತುಬಿಟ್ಟಳು.

ಡಾಕ್ಟರು ತೂಗಿದರು. ಮುನ್ನೂರು ಗ್ರಾಂ ಇಳಿದಿದ್ದ. "ಇನ್ನೂ ಬಾಯಿ ಹಾಕ್ತಿದಾನಲ್ಲ, ತಿನ್ಸಿ ನೋಡಿ" ಎಂದರು. ಹೆಚ್ಚಿಗೆ ಭರವಸೆ ಕೊಡಲಿಲ್ಲ. ದಾರಿಯಲ್ಲಿ, "ಮೂರು ಸಲ ಸಾಕು ಅಂದಿದ್ದು ನಾನು ಅಕ್ಕಾ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೆ ವಾಸಿಯಿತ್ತು.

ಈಗ ಮತ್ತೆ ಐದು ಸಲ. ಇವತ್ತು ಐದನೆಯ ಸಲ ಕೊಟ್ಟಾಗ ಮೂರು ಬಾರಿ ನೆಕ್ಕಿ ಮುಖ ತಿರುಗಿಸಿದ. ಊಟ ಆರಿತ್ತು. ಎದ್ದು ಬಿಸಿ ಮಾಡಿಕೊಂಡು ಬಂದು, ಮತ್ತೆ ಮಂಡಿಯೂರಿ ಕೂತೆ.