ಬರೇ ಮಾತು ಉಳದಾವ

'ಪಿಕ್ಚರ್ ಮುಗೀತೇನ್ರಿ?' ಎಂದು ಯಾರೇ ಕೇಳಲಿ, ಸ್ವಂತ ಚಿತ್ರ ತೆಗೆಯುತ್ತಿದ್ದ ಖಾನಾಪುರದ ಧರಣೇಂದ್ರನದು ಮೂರು ವರ್ಷದಿಂದ ಒಂದೇ ಉತ್ತರ: 'ಮುಗದಂಗರೀ, ಬರೇ ಮಾತು ಉಳದಾವ.' ರೈಲಿನಲ್ಲಿ ರೀಲಿನ ಡಬ್ಬಿಗಳಿಗೆ ಕಿಟಕಿಯ ಸೀಟು ಕೊಟ್ಟು ತಾನು ಬೆಳಗಾವಿಯವರೆಗೆ ನಿಂತೇ ಬರುವ ಆಸಾಮಿ. ಎಂಬತ್ತೊಂದನೇ ಇಸವಿಯಲ್ಲಿ ಬೆಳಗಾವಿಯ ಕ್ಯಾಂಪ್ ಪ್ರದೇಶದ ಚಿತ್ರೋತ್ಸವದಲ್ಲಿ ಆ ಮಾತಿಲ್ಲದ ಚಿತ್ರವನ್ನೇ ಮೊದಲ ಸಲ ತೋರಿಸಿದಾಗ, ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ತಾನೇ ಆಡಿದ. ಗೌಡನಾಗಿ ಗದರಿದ, ಸೊಸೆಯಾಗಿ ಬಿಕ್ಕಿದ, ಒಮ್ಮೆ ಎಮ್ಮೆಯಾಗಿಯೂ ಕೂಗಿದ. ಜನ ನಕ್ಕು ಸುಸ್ತಾದರು. ಆಮೇಲೆ ಪರದೆಯ ಮೇಲೆ, ಬಾಗಿಲಲ್ಲಿ ನಿಂತು ಮಗನನ್ನು ಊಟಕ್ಕೆ ಕರೆಯುವ ಮುದುಕಿ ಬಂದಳು. ಆ ಪಾತ್ರ ಮಾಡಿದವಳು ಧರಣೇಂದ್ರನ ತಾಯಿ ಹೀರಾಬಾಯಿ. ಚಿತ್ರಕ್ಕೆ ಮಾತು ತುಂಬಿಸುವ ಮೊದಲೇ ತೀರಿಕೊಂಡಿದ್ದಳು. ತುಟಿಗಳು ಅಲುಗಿದವು. ಧರಣೇಂದ್ರ ಬಾಯಿ ತೆರೆಯಲಿಲ್ಲ. 'ಮಾತು ಬಿಟ್ರಲ್ರೀ!' ಎಂದರು ಮುಂದಿನ ಸಾಲಿನವರೊಬ್ಬರು. ಅವನು ಪರದೆಯತ್ತ ತಿರುಗಿ ಮೆಲ್ಲಗೆ, 'ಬಂದ್ನಿ ಬೇ, ಯವ್ವಾ' ಎಂದ.