ಟರ್ಕಿ ಮರಿಗೆ ಉಣ್ಣುವುದನ್ನು ಕಲಿಸಿದ್ದು

ಟರ್ಕಿ ಕೋಳಿಯ ಮರಿಗೆ ಹುಟ್ಟುತ್ತಲೇ ತಿನ್ನಲು ಬರುವುದಿಲ್ಲ, ಯಾರಾದರೂ ತೋರಿಸಿಕೊಡಬೇಕು. ಪಶುವೈದ್ಯನಾದ ನಾನು, ಹೊಸದಾಗಿ ಟರ್ಕಿ ಮರಿ ತಂದಿದ್ದ ಹಿರೋಳ್ಳಿಯ ರಜಿಯಾಬಿಯವರಿಗೆ ಇದನ್ನೇ ಹೇಳಿ, ಕಾಳಿನ ತಟ್ಟೆಯಲ್ಲಿ ಬೆರಳು ಕುಟ್ಟಿ ತೋರಿಸಿ ಬಂದಿದ್ದೆ. "ಊರಾಗ ಕೋಳಿ ಇಲ್ಲೇನ್ರಿ, ಇಕಿಗಿ ಟರ್ಕಿನ ಬೇಕಂತ!" ಎಂದು ಅವರ ಗಂಡ ಮೆಹಬೂಬಸಾಬರು ಗೊಣಗಿದ್ದರು.

ಎರಡು ದಿನ ಬಿಟ್ಟು ಹೋದರೆ ರಜಿಯಾಬಿ ಆ ತಟ್ಟೆಯ ಮುಂದೆಯೇ ಕೂತಿದ್ದರು. ಬಳೆ ತೊಟ್ಟ ಬಲಗೈ ತಟ್ಟೆಯಲ್ಲಿ ಕುಟ್ಟುತ್ತಲೇ ಇತ್ತು. ಅದು ನಿಂತರೆ ಮರಿಗಳೂ ತಿನ್ನುವುದನ್ನು ನಿಲ್ಲಿಸುತ್ತಿದ್ದವು. ಪಕ್ಕದಲ್ಲಿ ಮೆಹಬೂಬಸಾಬರು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಹೆಂಡತಿಯ ಬಾಯಿಗಿಡುತ್ತಿದ್ದರು. ನನ್ನನ್ನು ಕಂಡವರೇ ಕೈ ಹಿಂದಕ್ಕೆಳೆದುಕೊಂಡರು.

"ಉಣ್ಣೋದು ಹ್ಯಾಂಗಂತ ಮರಿಗೋಳಿಗಿ ತೋರಸಾಕತ್ತೇನ್ರಿ."

"ಹೌದ್ರಿ ಸಾಬರ, ನಿಲ್ಲಸಬ್ಯಾಡ್ರಿ" ಎಂದೆ.

ಇಷ್ಟೆಲ್ಲ ಕಲಿಸಿಕೊಟ್ಟ ನಾನು ಅಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಬ್ಬನೇ ಡಬ್ಬಿ ಬಿಚ್ಚಿದೆ. ಯಾಕೋ ಊಟ ಸೇರಲಿಲ್ಲ.