ಮೊಮ್ಮಗಳನ್ನು ನೋಡಲು ಹೋಗಿ ಮೊಳೆ ಮೇಲಿನ ಬಿಲ್ಲೆ ತೆಗೆದದ್ದು

ಮೊಮ್ಮಗಳು ಹುಟ್ಟಿದ್ದಾಳೆ! ಎರಡೂಮುಕ್ಕಾಲು ಕೇಜಿ ತೂಕ, ತಲೆ ತುಂಬ ಕೂದಲು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮದುವೆಯಾಗಿ ಆರು ವರ್ಷ ಕಾದ ಮೇಲೆ ನಮ್ಮ ಶಂಕರನಿಗೆ ಮಗುವಾಯಿತು. ಫೋನು ಬಂದಾಗ ನಾನು ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದೆ. ಕುಡುಗೋಲು ಅಲ್ಲೇ ಬಿಟ್ಟು ಊರೊಳಕ್ಕೆ ಓಡಿ, ಹಾಲಿನ ಡೇರಿ ಮುಂದೆ ನಿಂತಿದ್ದವರಿಗೆಲ್ಲ ಹೇಳಿದೆ. ಸಂತೋಷದಲ್ಲಿ ಒಬ್ಬನ ಕೆನ್ನೆ ಹಿಂಡಿಬಿಟ್ಟೆ. ಅವನಿಗೇ ಅರವತ್ತು ವರ್ಷ.

ಆದರೆ ಅದೇ ಫೋನಿನಲ್ಲಿ ಶಂಕರ ಇನ್ನೊಂದು ಮಾತೂ ಹೇಳಿದ್ದ. "ಅಪ್ಪಾ, ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಿಂದ ಬಿಡ್ತಾರೆ. ಬಾಗಿಲಲ್ಲಿ ಆರತಿ ಯಾರು ಎತ್ತೋದು ಅಂತ ಇನ್ನೂ ಗೊತ್ತಿಲ್ಲ. ಅತ್ತೆ ಆಸ್ಪತ್ರೆ ಕಡೀಗೇ ಬಂದಿಲ್ಲ. ನಮ್ಮಮ್ಮ ಒಳಕ್ಕೆ ಕರ್ಕೊಳ್ದಿದ್ರೆ ಮಗೂನ ಎತ್ಕೊಂಡು ಸೀದಾ ನಿಮ್ಮೂರಿಗೇ ಬತ್ತೀನಿ ಅಂತ ಮಾಲಾ ಅಳ್ತಾವ್ಳೆ."

ಮಾಲಾ ನಮ್ಮ ಸೊಸೆ. ತವರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್. ಅವಳ ಅಪ್ಪ ಆರ್ಮುಗಂ ಚಿನ್ನದ ಗಣಿಯಲ್ಲಿ ದುಡಿದವರು. ಕೊರೊನಾ ಎರಡನೇ ಸಲ ಬಂದಾಗ ಆಂಬುಲೆನ್ಸಿನಲ್ಲಿ ಹೋದವರು ಮನೆಗೆ ಬರಲಿಲ್ಲ. ಪ್ಲಾಸ್ಟಿಕ್ ಸುತ್ತಿ ಯಾರೋ ಸುಟ್ಟರಂತೆ, ಮುಖ ತೋರಿಸಲಿಲ್ಲವಂತೆ. ನಮ್ಮ ಬೀಗಿತ್ತಿ ಸೆಲ್ವಮ್ಮ ಅವತ್ತಿನಿಂದ ಒಂದೇ ಮಾತು: "ಮುಖ ನೋಡ್ದೆ ಓದ್ರು ಅಂತ ಎಂಗೆ ಏಳ್ಲಿ?" ಕುಂಕುಮ ಅಳಿಸಲಿಲ್ಲ, ತಿಥಿ ಮಾಡಲಿಲ್ಲ. ಆರತಿಯನ್ನು ಮುತ್ತೈದೆ ಎತ್ತಬೇಕು. ಆಯಮ್ಮ ಎತ್ತಿದರೆ ಗಣಿ ಕೆಲಸಗಾರರ ಆ ಲೈನುಮನೆಗಳ ಹೆಂಗಸರು ಆಡಿಕೊಳ್ಳುತ್ತಾರೆ. ಬೇರೆಯವರ ಕೈಗೆ ತಟ್ಟೆ ಕೊಟ್ಟರೆ ಗಂಡ ಇಲ್ಲ ಅಂತ ತಾನೇ ಒಪ್ಪಿದ ಹಾಗೆ. ಅದಕ್ಕೇ ಎರಡೂ ಬೇಡವೆಂದು ಮನೆಯಲ್ಲಿ ಕೂತುಬಿಟ್ಟಿದ್ದರು.

ನನ್ನ ಭಯ ಬೇರೆ. ಆರ್ಮುಗಂ ಹೋದಾಗ ನಾವು ಯಾರೂ ಹೋಗಲಿಲ್ಲ. ಕೊರೊನಾ ಊರೊಳಕ್ಕೆ ಬರಬಾರದೆಂದು ನಮ್ಮೂರ ದಾರಿಗೆ ಜಾಲಿ ಮುಳ್ಳು ಹಾಕಿದ್ದರು. ಆ ಮುಳ್ಳು ಕಡಿದವರಲ್ಲಿ ನಾನೂ ಒಬ್ಬ. ಸೆಲ್ವಮ್ಮ ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ. ಎತ್ತುವುದಾದರೆ ಈ ಸಲ ಹೋದಾಗಲೇ ಎತ್ತುತ್ತಾರೆ ಅಂತ ನನಗೆ ರಾತ್ರಿಯೆಲ್ಲ ಅನ್ನಿಸುತ್ತಿತ್ತು.

ಮಂಗಳವಾರ ಆರೂವರೆ ಬಸ್ಸಿಗೆ ಹೊರಟೆವು. ನನ್ನ ಹೆಂಡತಿ ವೆಂಕಟಮ್ಮ ಕಂಕುಳಲ್ಲಿ ನಾಟಿ ಕೋಳಿ ಹಿಡಿದಿದ್ದಳು. ನನ್ನ ಕೈಚೀಲದಲ್ಲಿ ಎರಡು ಅಚ್ಚು ಬೆಲ್ಲ, ಬೆಳ್ಳುಳ್ಳಿ, ಮಗುವಿಗೆ ಒಗೆದು ಮಡಿಸಿದ ಹಳೆ ಪಂಚೆ ತುಂಡುಗಳು. ಬಂಗಾರಪೇಟೆಯಲ್ಲಿ ಇಡ್ಲಿ ತಿಂದೆವು. ರೈಲಿಗೆ ತಲೆಗೆ ಹತ್ತು ರೂಪಾಯಿ, ಕೋಳಿಗೆ ಯಾರೂ ಕೇಳಲಿಲ್ಲ. ಬೆಳಗ್ಗೆ ಜನವೆಲ್ಲ ಬೆಂಗಳೂರು ಕಡೆಗೆ ಹೋಗುವುದರಿಂದ ಮಾರಿಕುಪ್ಪಂ ಕಡೆಯ ಗಾಡಿಯಲ್ಲಿ ಕಾಲು ಚಾಚಿ ಕೂರುವಷ್ಟು ಜಾಗವಿತ್ತು.

ಎದುರಿಗೆ ಹೂವಿನ ಬುಟ್ಟಿಯ ಹೆಂಗಸು, ಪಕ್ಕದಲ್ಲಿ ಬ್ಯಾಂಕಿನ ಬ್ಯಾಗು ಹಾಕಿದ ಯುವಕ. ಮೊಮ್ಮಗಳ ಸುದ್ದಿ ಇಬ್ಬರಿಗೂ ಹೇಳಿದೆ. ವೆಂಕಟಮ್ಮ ಸುಮ್ಮನಿರದೆ, "ಕೊರೊನಾದಲ್ಲಿ ಈ ರೈಲೇ ಇರ್ಲಿಲ್ಲ ಅಲ್ವಾ?" ಅಂದಳು.

"ಆ ವರ್ಷ ನಾವು ಪರೀಕ್ಷೆ ಬರೀದೇನೇ ಪಾಸು ಅಜ್ಜಿ," ಅಂತ ಯುವಕ ನಕ್ಕ. "ದಿನಾ ಕ್ರಿಕೆಟ್ಟು. ಅಂತಾ ರಜ ಇನ್ನು ಸಿಗಲ್ಲ."

"ನಮ್ಗೂ ಅಂಗೇ ಕಣಪ್ಪ, ಮಕ್ಳೆಲ್ಲ ಮನೇಲೇ ಇದ್ರು," ಅಂದಳು ವೆಂಕಟಮ್ಮ. "ರೇಷ್ಮೆ ಗೂಡು ಕೊಳ್ಳೋರಿರ್ಲಿಲ್ಲ, ಅದೊಂದೇ ಸಂಕಟ."

ಹೂವಿನವಳು ಕಟ್ಟುತ್ತಿದ್ದ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ನಮ್ಮ ದೊಡ್ಡಣ್ಣ ಅದ್ರಲ್ಲೇ ಓದ," ಅಂದಳು, ಅಷ್ಟೇ. ಯುವಕ ಮೊಬೈಲು ನೋಡತೊಡಗಿದ. ಕೋರಮಂಡಲ್ ದಾಟಿ ಊರಿಗಾಂ ಸ್ಟೇಷನ್ನು ಬಂತು. ಇಳಿಯುವಾಗ ಆಕೆ ಒಂದು ಮೊಳ ಮಲ್ಲಿಗೆ ವೆಂಕಟಮ್ಮನ ಮಡಿಲಿಗೆ ಹಾಕಿ, "ಬಾಣಂತಿಗೆ ಮುಡಿಸ್ಬೇಡಿ, ತಲೆ ನೋವಾದಾತು. ತೊಟ್ಲಿಗೆ ಕಟ್ಟಿ," ಅಂದು ಹೋದಳು.

"ನಿನ್ ಬಾಯಿ ಸ್ವಲ್ಪ ಬಿಗಿ ಇಡೇ, ಬೀಗಿತ್ತಿ ಮುಂದೆ ಇಂಗೇ ಆಡ್ಬೇಡ," ಅಂದೆ.

"ನಿಂದು ನೀನು ನೋಡ್ಕೋ. ಮುಳ್ಳು ಕಡಿದೋನು ನಾನಲ್ಲ," ಅಂದಳು.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಚಿನ್ನ ತೆಗೆದ ಮಣ್ಣು ಗುಡ್ಡೆ ಹಾಕಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೂದಿಯಂಥ ಧೂಳು ತಂದು ಕಣ್ಣಿಗೆ ತುಂಬಿತು. ಕಾಲು ಗಂಟೆ ನಡೆದರೆ ಲೈನು. ಅಂಟಿಕೊಂಡ ಸಣ್ಣ ಮನೆಗಳು, ನಡುವೆ ಒಂದು ನಲ್ಲಿ. ಹೆಂಗಸರು ಆಗಲೇ ಗುಂಪು ಸೇರಿದ್ದರು.

ಸೆಲ್ವಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು ಒಲೆ ಮುಂದೆ ಕೂತಿದ್ದರು. "ವಾಂಗೋ ಅಕ್ಕಾ, ಬನ್ನಿ ಬೀಗ್ರೇ," ಅಂದರು, ಕಾಫಿ ಕೊಟ್ಟರು. ಮಗುವಿನ ಮಾತೇ ಇಲ್ಲ. ನಾನು ತೂಕ ಹೇಳಿದೆ, ಕೂದಲು ಹೇಳಿದೆ. "ಅಂಗಾ," ಅಂದು ಒಲೆ ಊದಿದರು.

ಅಷ್ಟರಲ್ಲಿ ನನ್ನ ಕೈಚೀಲಕ್ಕೆ ಬೆಲ್ಲದ ವಾಸನೆಗೆ ಇರುವೆ ಸಾಲು ಹಿಡಿಯಿತು. ಎಲ್ಲಾದರೂ ತಗುಲಿಹಾಕೋಣವೆಂದು ಬಾಗಿಲ ಪಕ್ಕ ನೋಡಿದೆ. ಒಂದು ಮೊಳೆ. ಅದರ ಮೇಲೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಹಳೇ ಬಿಲ್ಲೆ ಅಂತ ತೆಗೆದು ಜೇಬಿಗೆ ಹಾಕಿಕೊಂಡು, ಚೀಲ ತೂಗುಹಾಕಿ, ಕೈಕಾಲು ತೊಳೆಯಲು ನಲ್ಲಿಗೆ ಹೋದೆ.

ಹಿಂದಿನಿಂದ ಸೆಲ್ವಮ್ಮ ಬರಿಗಾಲಲ್ಲಿ ಓಡಿಬಂದರು. ಸೆರಗು ನೆಲದಲ್ಲಿ ಎಳೆಯುತ್ತಿತ್ತು. "ಬಂದ್ರಾ? ಎಲ್ಲಿ? ಎಲ್ಲಿ ಅವ್ರು?" ಅಂತ ಬೀದಿಯ ಆ ತುದಿ ಈ ತುದಿ ನೋಡುತ್ತಿದ್ದರು. ನನಗೆ ಏನೂ ತಿಳಿಯಲಿಲ್ಲ.

ಪಕ್ಕದ ಮನೆಯ ಪೊನ್ನಪ್ಪ, ಆರ್ಮುಗಂ ಜೊತೆ ಗಣಿಗೆ ಇಳಿದ ಮುದುಕ, ಮೊಳೆ ಮೇಲೆ ಚೀಲ ಕಂಡು ನನ್ನ ರಟ್ಟೆ ಹಿಡಿದರು. "ಬಿಲ್ಲೆ ಮುಟ್ಟಿದ್ರಾ? ಎನ್ನ ಸಾಮಿ ಇದು! ಕೆಳಗೆ ಇಳಿಯೋ ಮುಂಚೆ ಬಿಲ್ಲೆ ಮೊಳೆಗೆ ಆಕ್ತಿದ್ವಿ. ಮೇಲೆ ಬಂದೋನು ತನ್ದು ತಾನೇ ತೆಗೀಬೇಕು. ಬಿಲ್ಲೆ ಮೊಳೇಲಿ ಐತೆ ಅಂದ್ರೆ ಆಳು ಇನ್ನೂ ಒಳಗವ್ನೆ ಅಂತ. ಆಂಬುಲೆನ್ಸ್ ಅತ್ತೋ ಮುಂಚೆ ಆರ್ಮುಗಂ ತನ್ದು ಅಲ್ಲಿ ತಗುಲಾಕಿ, ಬತ್ತೀನಿ ಅಂತ ಓದ."

ಬಿಲ್ಲೆ ಜೇಬಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದೆ. "ತಪ್ಪಾಯ್ತು ತಾಯಿ. ಇರುವೆ ಅಂತ ತೆಗ್ದೆ," ಅಂದೆ. ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಆವತ್ತು ನಾನು ಬರ್ಲಿಲ್ಲ. ನಮ್ಮೂರಿಗೆ ಮುಳ್ಳು ಕಡಿದು ಆಕ್ದೋನು ನಾನೇ."

ಸೆಲ್ವಮ್ಮ ಬಿಲ್ಲೆಯನ್ನೇ ನೋಡುತ್ತಿದ್ದರು. "ಗೊತ್ತು. ಶಂಕ್ರ ಆವತ್ತೇ ಏಳ್ದ," ಅಂದರು. "ನಾವು ಈಚೆಗೆ ಬರ್ದಂಗೆ ಈ ಬಾಗ್ಲಿಗೂ ತಗಡು ಬಡಿದ್ರು ಬೀಗ್ರೇ. ಬಡಿದೋರೆಲ್ಲ ಈಗ ಆರತಿ ನೋಡೋಕೆ ನಿಂತವ್ರೆ."

ಹೆಂಗಸರ ಗುಂಪು ನೆಲ ನೋಡಿತು. ಪೊನ್ನಪ್ಪ ಕೆಮ್ಮಿ, "ನಾನು ಬಡೀಲಿಲ್ಲಮ್ಮ. ಸುತ್ತಿಗೆ ಮಾತ್ರ ನಂದು," ಅಂದರು.

ಸೆಲ್ವಮ್ಮನಿಗೆ ನಗು ಬಂತು. ನಗುತ್ತಲೇ ಅಲ್ಲೇ ನಲ್ಲಿ ಕಟ್ಟೆಯ ಮೇಲೆ ಕೂತು ಅಳತೊಡಗಿದರು. ವೆಂಕಟಮ್ಮ ಹೋಗಿ ಪಕ್ಕದಲ್ಲಿ ಕೂತಳು. ಬೆನ್ನು ಸವರತೊಡಗಿದಳು. ಸೆಲ್ವಮ್ಮ ಕಣ್ಣೊರೆಸಿಕೊಂಡು ಕೈಚಾಚಿದರು. ಬಿಲ್ಲೆ ಕೊಟ್ಟೆ. ಸೆರಗಿನಲ್ಲಿ ಒರೆಸಿ, "ತೆಗೀಬೇಕು ಅಂತ ಎಷ್ಟು ದಿನ ಆ ಮೊಳೆ ಮುಂದೆ ನಿಂತಿದ್ದೀನಿ. ಕೈ ಬರ್ಲಿಲ್ಲ," ಅಂದರು. "ಓಡ್ಬಂದು ನೋಡಿದ್ರೆ ಬೀದೀಲಿ ಯಾರೂ ಇಲ್ಲ. ಓದ್ರು ಅವ್ರು, ಅಕ್ಕಾ."

ಆಗಲೇ ತಿರುವಿನಲ್ಲಿ ಆಟೋ ಹಾರನ್ನು ಕೇಳಿಸಿತು. ಶಂಕರ ಮುಂದೆ ಕೂತಿದ್ದ, ಹಿಂದೆ ಮಾಲಾ, ಮಡಿಲಲ್ಲಿ ಬಟ್ಟೆ ಗಂಟಿನಂತೆ ಮಗು. ಅಮ್ಮನ ಕಣ್ಣು ಕೆಂಪಾದದ್ದು ನೋಡಿ ಮಾಲಾ ಇಳಿಯಲಿಲ್ಲ. ಆಟೋದ ಕಂಬಿ ಹಿಡಿದು ಕೂತೇ ಇದ್ದಳು.

ಸೆಲ್ವಮ್ಮ ಒಳಗೆ ಹೋಗಿ ಆರತಿ ತಟ್ಟೆ ತಂದರು. ಕುಂಕುಮದ ನೀರು ತುಳುಕುತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ವೆಂಕಟಮ್ಮನ ಕೈಗೆ ಇಟ್ಟರು. "ನೀವು ಎತ್ತಿ ಅಕ್ಕಾ. ಮಗೂನ ನಾನು ಈಸ್ಕೊಂತೀನಿ," ಅಂದು ಆಟೋ ಹತ್ತಿರ ಹೋಗಿ ಎರಡೂ ಕೈ ಚಾಚಿದರು. "ಕೊಡೇ ಮಾಲಾ. ಕಣ್ಣೆಲ್ಲ ನಿಮ್ಮಪ್ಪಂದೇ."

ಮೊಮ್ಮಗಳು ಕಣ್ಣೇ ಬಿಟ್ಟಿರಲಿಲ್ಲ. ಆದರೂ ನಾನು ಹೌದು ಹೌದು ಅಂದೆ.

ಸಂಜೆ ಕೋಳಿ ಸಾರು, ಮುದ್ದೆ, ಬಾಣಂತಿಗೆ ಬೇರೆ ಮೆಣಸು ಸಾರು ಅನ್ನ. ಅಷ್ಟು ಸಣ್ಣ ಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಎಲ್ಲರೂ ಕೂತೆವು. ಮಾಲಾ ಒಳಗಿನ ಹೊಸ್ತಿಲಿಗೆ ಒರಗಿದ್ದಳು, ಮಲ್ಲಿಗೆ ತೊಟ್ಟಿಲಿನಲ್ಲಿತ್ತು. ಸುತ್ತಿಗೆಯ ಪೊನ್ನಪ್ಪನನ್ನೂ ಕರೆದಿದ್ದರು. ಬಿಲ್ಲೆ ದೇವರ ಪಟದ ಕೆಳಗೆ ಇತ್ತು. ಮೊಳೆ ಬರಿದಾಗಿತ್ತು. ಮಧ್ಯಾಹ್ನವೇ ಹೆದರಿಕೆಗೆ ನಾನೇ ಚೀಲವನ್ನು ಮೊಳೆಯಿಂದ ಇಳಿಸಿ ಮೂಲೆಯಲ್ಲಿ ಇಟ್ಟಿದ್ದೆ. ಇರುವೆ ಮತ್ತೆ ಮುತ್ತಿತ್ತು.

ಸೆಲ್ವಮ್ಮ ಸಾರು ಬಡಿಸುತ್ತ ಅದನ್ನು ಕಂಡರು. ಸೌಟು ಕೆಳಗಿಟ್ಟು, ಚೀಲವನ್ನು ಎತ್ತಿ ಇರುವೆ ಕೊಡವಿ, ತಾವೇ ಆ ಮೊಳೆಗೆ ತಗುಲಿಹಾಕಿದರು. ಒಂದು ಗಳಿಗೆ ಅದನ್ನು ನೋಡುತ್ತ ನಿಂತು, ವೆಂಕಟಮ್ಮನ ಪಕ್ಕ ಜಾಗ ಮಾಡಿಕೊಂಡು ತಮ್ಮ ತಟ್ಟೆಗೂ ಮುದ್ದೆ ಹಾಕಿಕೊಂಡರು.

"ಉಪ್ಪು ಸರಿ ಐತಾ ಬೀಗ್ರೇ?" ಅಂದರು.

ಸರಿಯಿತ್ತು. ನಾನು ಇನ್ನೊಂದು ಮುದ್ದೆ ಕೇಳಿದೆ.